ನೀರು ಹೊಕ್ಕ ಟಿ.ವಿ.: ದುರಸ್ತಿಯೋ, ಹೊಸ ಖರೀದಿಯೋ?

ಹಾವೇರಿ: ಮನೆಯೊಳಗೆ ನೀರು ನುಗ್ಗುವ ಸೂಚನೆ ಸಿಕ್ಕಾಗ ಜನ ಮೊದಲು ಎತ್ತಿಡುವುದು ಕಾಳುಕಡಿ, ಹಾಸಿಗೆ ಮತ್ತು ಕಾಗದಪತ್ರಗಳನ್ನು. ಪಡಸಾಲೆಯ ಮೇಜಿನ ಮೇಲಿರುವ ಅಥವಾ ಗೋಡೆಗೆ ತೂಗುಹಾಕಿರುವ ಟಿ.ವಿ. ನೆನಪಾಗುವಷ್ಟರಲ್ಲಿ ಹಲವು ಬಾರಿ ತಡವಾಗಿರುತ್ತದೆ. ನೀರು ಇಳಿದ ಮೇಲೆ ಅದನ್ನು ಒರೆಸಿ, ಒಂದು ದಿನ ಬಿಸಿಲಿಗೆ ಇಟ್ಟು, ಸ್ವಿಚ್ ಹಾಕಿ ನೋಡುವುದು ವಾಡಿಕೆ. ಚಿತ್ರ ಬಂದರೆ ‘ಉಳಿಯಿತು’, ಬರದಿದ್ದರೆ ‘ಹೋಯಿತು’ ಎಂಬ ತೀರ್ಮಾನಕ್ಕೆ ಮನೆಯವರು ಬರುತ್ತಾರೆ.

ಈ ಎರಡೂ ತೀರ್ಮಾನಗಳು ತಪ್ಪಾಗುವ ಸಂಭವವಿದೆ. ಒಣಗಿದ ನಂತರ ಬೆಳಗಿದ ಟಿ.ವಿ. ಎರಡು ತಿಂಗಳೊಳಗೆ ಕೈಕೊಡಬಹುದು. ಸತ್ತಂತೆ ಕಂಡ ಟಿ.ವಿ.ಯಲ್ಲಿ ಕೆಟ್ಟಿರುವುದು ಒಂದು ಸಣ್ಣ ಬೋರ್ಡ್ ಮಾತ್ರ ಆಗಿರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಪರೀಕ್ಷೆಗೆಂದು ಹಾಕಿದ ಆ ಒಂದು ಸ್ವಿಚ್ಚೇ ದುರಸ್ತಿಯಾಗಬಹುದಾಗಿದ್ದ ಉಪಕರಣವನ್ನು ಕೊನೆಗಾಣಿಸಬಹುದು. ಆದ್ದರಿಂದ ‘ಬೆಳಗುತ್ತದೆಯೇ?’ ಎಂಬ ಪ್ರಶ್ನೆಗೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಒಳಹೊಕ್ಕದ್ದು ಎಂಥ ನೀರು? ಅದು ಎಲ್ಲಿಯವರೆಗೆ ತಲುಪಿತು? ಆ ವೇಳೆ ವಿದ್ಯುತ್ ಸಂಪರ್ಕ ಇತ್ತೇ?

ಮೂರು ಊರು, ಮೂರು ಬಗೆಯ ನೀರು

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಒಂದೇ ಜಿಲ್ಲೆಯ ನೆರೆಹೊರೆಯ ಪಟ್ಟಣಗಳು. ಆದರೂ ಈ ಮೂರು ತಾಲ್ಲೂಕುಗಳಲ್ಲಿ ಮನೆಯೊಳಗೆ ಬರುವ ನೀರಿನ ಸ್ವರೂಪ ಒಂದೇ ಅಲ್ಲ.

ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಹಾವೇರಿ ತಾಲ್ಲೂಕಿನ ಕರ್ಜಗಿ ಸೀಮೆಯನ್ನು ಹಾದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಮಲೆನಾಡಿನಲ್ಲಿ ಮಳೆ ಸುರಿದರೆ ಹಾವೇರಿಯಲ್ಲಿ ಹನಿ ಬೀಳದಿದ್ದರೂ ನದಿ ಏರುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಐರಣಿ, ಮೇಡ್ಲೇರಿ ಭಾಗದಲ್ಲಿ ತುಂಗಭದ್ರೆಯದೇ ಭಯ. ಮೇಲ್ಭಾಗದ ತುಂಗಾ ಮತ್ತು ಭದ್ರಾ ಜಲಾಶಯಗಳು ತುಂಬಿ ನೀರು ಹೊರಬಿಟ್ಟಾಗ ಅದರ ಪರಿಣಾಮ ಇಲ್ಲಿ ಕಾಣುತ್ತದೆ. 2019ರ ಆಗಸ್ಟ್‌ನಲ್ಲಿ ವರದಾ ಮತ್ತು ತುಂಗಭದ್ರಾ ಮಾತ್ರವಲ್ಲದೆ ಧರ್ಮಾ, ಕುಮುದ್ವತಿ ನದಿಗಳೂ ಉಕ್ಕಿ ಜಿಲ್ಲೆಯನ್ನು ಪ್ರವಾಹ ಕಾಡಿದ್ದು ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ.

ಮೆಣಸಿನಕಾಯಿ ಮಾರುಕಟ್ಟೆಗೆ ಹೆಸರಾದ ಬ್ಯಾಡಗಿಯ ಸ್ಥಿತಿ ಬೇರೆ. ಪಟ್ಟಣದ ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಇಂಥ ಊರಿನಲ್ಲಿ ಟಿ.ವಿ.ಗೆ ಎದುರಾಗುವ ಅಪಾಯ ಹೆಚ್ಚಾಗಿ ಮೇಲಿನಿಂದ ಬರುವಂಥದ್ದು: ಹಂಚು ಸರಿದ ಮಾಡು, ಮಣ್ಣಿನ ಮಾಳಿಗೆ, ತೂತು ಬಿದ್ದ ತಗಡು, ಬಿರುಕು ಬಿಟ್ಟ ಕಾಂಕ್ರೀಟ್ ಚಾವಣಿ. ಇದಲ್ಲದೆ ಎಲ್ಲ ಪಟ್ಟಣಗಳಲ್ಲೂ ಕಟ್ಟಿಕೊಂಡ ಚರಂಡಿಯ ನೀರು ಮನೆಗೆ ನುಗ್ಗುವುದುಂಟು. ಬೆಂಗಳೂರು, ಮೈಸೂರಿನ ಬಹುಮಹಡಿ ಮನೆಗಳಲ್ಲಾದರೆ ಮೇಲಿನ ಮನೆಯ ಪೈಪು ಒಡೆದು ಗೋಡೆಯ ಟಿ.ವಿ. ಮೇಲೆ ನೀರಿಳಿಯಬಹುದು. ಪರದೆ ಒರೆಸಲು ನೇರವಾಗಿ ಸಿಂಪಡಿಸಿದ ದ್ರವ ಕೆಳಅಂಚಿನಿಂದ ಒಳಗಿಳಿದು ಪ್ಯಾನೆಲ್ ಕೆಡಿಸುವುದೂ ಉಂಟು.

ಈ ವ್ಯತ್ಯಾಸಕ್ಕೆ ಮಹತ್ವವಿದೆ. ಶುದ್ಧ ನೀರಿನಲ್ಲಿ ವಿದ್ಯುತ್ ಬಹಳ ಕಡಿಮೆ ಹರಿಯುತ್ತದೆ. ಹಾನಿಗೆ ಕಾರಣವಾಗುವುದು ನೀರಿನಲ್ಲಿ ಕರಗಿರುವ ಲವಣ ಮತ್ತು ಕೊಳೆ. ನೇರ ಮಳೆನೀರಿನ ನಾಲ್ಕು ಹನಿ ಅಷ್ಟೊಂದು ಅಪಾಯಕಾರಿಯಲ್ಲ. ಅದೇ ಮಳೆನೀರು ಮಣ್ಣಿನ ಮಾಳಿಗೆಯ ಮೂಲಕ ಇಳಿದರೆ ಮಣ್ಣನ್ನೂ, ಕಾಂಕ್ರೀಟಿನ ಮೂಲಕ ಇಳಿದರೆ ಸುಣ್ಣದಂಶವನ್ನೂ ಹೊತ್ತು ತರುತ್ತದೆ. ಕೊಳವೆಬಾವಿಯ ಗಡಸು ನೀರು ಇನ್ನೂ ಒಂದು ಹೆಜ್ಜೆ ಮುಂದೆ. ಹೊಲದ ಗೊಬ್ಬರ, ಚರಂಡಿಯ ಹೊಲಸು, ಸಣ್ಣ ಮರಳು ಎಲ್ಲವೂ ಬೆರೆತ ನೆರೆನೀರು ಅತ್ಯಂತ ಕೆಟ್ಟದ್ದು.

ಮೊದಲು ವಿದ್ಯುತ್ ಬೇರ್ಪಡಿಸಿ

ದುರಸ್ತಿಯ ಯೋಚನೆಗೆ ಮುನ್ನ ಜೀವದ ಯೋಚನೆ ಅಗತ್ಯ. ರಿಮೋಟ್‌ನಿಂದ ಆರಿಸಿದ ಟಿ.ವಿ. ನಿಜವಾಗಿ ಆರಿರುವುದಿಲ್ಲ. ಸಣ್ಣ ಕೆಂಪು ದೀಪ ಉರಿಯುತ್ತಿರುವಷ್ಟು ಹೊತ್ತೂ ಒಳಗಿನ ಪವರ್ ಬೋರ್ಡ್‌ನಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಮನೆಗೆ ಬರುವ 230 ವೋಲ್ಟ್ ವಿದ್ಯುತ್ ಈ ಬೋರ್ಡ್‌ನಲ್ಲಿ ಸುಮಾರು 325 ವೋಲ್ಟ್ ನೇರ ವಿದ್ಯುತ್ತಾಗಿ ಮಾರ್ಪಡುತ್ತದೆ. ಪ್ಲಗ್ ಕಿತ್ತ ನಂತರವೂ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಅದು ಉಳಿದಿರಬಹುದು. ಆದಕಾರಣ ಅನುಭವವಿಲ್ಲದವರು ಹಿಂಬದಿಯ ಮುಚ್ಚಳ ಬಿಚ್ಚಬಾರದು.

ನೆಲದಲ್ಲಿ ನೀರು ನಿಂತಿರುವಾಗ ಗೋಡೆಯ ಸ್ವಿಚ್ ಅಥವಾ ಪ್ಲಗ್ ಮುಟ್ಟುವುದು ಸಲ್ಲದು. ಒಣನೆಲದ ಮೇಲೆ ನಿಂತು ತಲುಪಲು ಸಾಧ್ಯವಿದ್ದರೆ ಮಾತ್ರ ಮನೆಯ ಮೇನ್ ಸ್ವಿಚ್ ಆರಿಸಬೇಕು. ಮೀಟರ್ ಬೋರ್ಡಿಗೇ ನೀರು ತಾಗಿದ್ದರೆ ಹತ್ತಿರ ಹೋಗದೆ ಹೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ಲೈನ್‌ಮನ್‌ಗಾಗಿ ಕಾಯುವುದೇ ಕ್ಷೇಮ. ವಿದ್ಯುತ್ ಕಡಿತವಾದ ಬಳಿಕ ಟಿ.ವಿ.ಯ ಪ್ಲಗ್, ಸೆಟ್‌ಟಾಪ್ ಬಾಕ್ಸ್ ಮತ್ತು ಡಿಶ್ ಕೇಬಲ್ ಎಲ್ಲವನ್ನೂ ಕಳಚಬೇಕು. ಡಿಶ್ ಕೇಬಲ್‌ನ ಮೂಲಕವೂ ಮಳೆನೀರು ಹರಿದು ಸೆಟ್‌ಟಾಪ್ ಬಾಕ್ಸ್ ಸೇರುವುದುಂಟು ಎಂಬುದು ಗಮನದಲ್ಲಿರಲಿ.

ಒಳಗೆ ನಡೆಯುವುದೇನು?

ವಿದ್ಯುತ್ ಇಲ್ಲದಿದ್ದಾಗ ನೀರು ಬೋರ್ಡ್ ಮೇಲೆ ಬಿದ್ದರೆ ಆಗುವ ಹಾನಿ ನಿಧಾನ. ಅದೇ ಬೋರ್ಡ್‌ನಲ್ಲಿ ವಿದ್ಯುತ್ ಇದ್ದರೆ ಪರಿಸ್ಥಿತಿ ಸಂಪೂರ್ಣ ಬೇರೆ. ಕೊಳೆನೀರಿನ ಮೂಲಕ ವಿದ್ಯುತ್ ಹಾಯುವಾಗ ತಾಮ್ರದ ಸಣ್ಣ ಗೆರೆಗಳು ಕರಗತೊಡಗುತ್ತವೆ. ಒಂದು ಗೆರೆಯಿಂದ ಕರಗಿದ ಲೋಹ ಪಕ್ಕದ ಗೆರೆಯತ್ತ ಬೇರಿನಂತೆ ಬೆಳೆದು ಎರಡನ್ನೂ ಜೋಡಿಸಬಹುದು. ಆಗ ಶಾರ್ಟ್ ಸರ್ಕ್ಯೂಟ್ ಉಂಟಾಗುತ್ತದೆ. ಕೂದಲಿಗಿಂತ ತೆಳುವಾದ ಗೆರೆಗಳಿರುವ ಈಗಿನ ಬೋರ್ಡ್‌ಗಳಿಗೆ ಕೆಲವು ನಿಮಿಷಗಳೇ ಸಾಕು.

ಒಣಗಿದರೆ ತೊಂದರೆ ಮುಗಿಯಿತು ಎಂದುಕೊಳ್ಳುವುದು ಸರಿಯಲ್ಲ. ನೀರು ಆವಿಯಾಗುತ್ತದೆ, ಲವಣ ಮತ್ತು ಕೆಸರು ಅಲ್ಲೇ ಉಳಿಯುತ್ತವೆ. ಮಳೆಗಾಲದ ತೇವಭರಿತ ಗಾಳಿಯಿಂದ ಆ ಲವಣ ಮತ್ತೆ ಹಸಿಯಾಗುತ್ತದೆ. ತಾಮ್ರದ ಪಾತ್ರೆಗೆ ಹುಳಿ ತಾಗಿದಾಗ ಹಿಡಿಯುವ ಹಸಿರು ಕಿಲುಬನ್ನು ಎಲ್ಲರೂ ಬಲ್ಲರು. ಬೋರ್ಡ್ ಮೇಲೂ ಅದೇ ಕಿಲುಬು ವಾರಗಟ್ಟಲೆ, ತಿಂಗಳುಗಟ್ಟಲೆ ಹಬ್ಬುತ್ತದೆ. ನೆರೆಯ ಮರುದಿನ ಚೆನ್ನಾಗಿ ನಡೆದ ಟಿ.ವಿ. ದೀಪಾವಳಿಯ ಹೊತ್ತಿಗೆ ನಿಂತುಹೋಗುವುದರ ಗುಟ್ಟು ಇದೇ.

ಬಿಸಿಲು ಬೇಡ, ಅಕ್ಕಿಯೂ ಬೇಡ

ಬ್ಯಾಡಗಿಯ ವರ್ತಕರಿಗೆ ಒಂದು ವಿಷಯ ಹೇಳಿಕೊಡಬೇಕಿಲ್ಲ: ಮೇಲೆ ಗರಿಗರಿಯಾಗಿ ಕಂಡ ಮೆಣಸಿನಕಾಯಿಯ ಒಳಗೆ ತೇವ ಉಳಿದಿದ್ದರೆ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಟಿ.ವಿ.ಯ ಮಟ್ಟಿಗೂ ಈ ಮಾತು ನಿಜ. ಹೊರಕವಚ ಒಣಗಿದ ಮಾತ್ರಕ್ಕೆ ಒಳಭಾಗ ಒಣಗಿದೆ ಎನ್ನುವಂತಿಲ್ಲ.

ಹೊರಗಿನ ನೀರನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಟಿ.ವಿ.ಯನ್ನು ನೇರವಾಗಿ ನಿಲ್ಲಿಸಿಡಬೇಕು. ಅಡ್ಡ ಮಲಗಿಸಿದರೆ ಕೆಳಗೆ ನಿಂತ ನೀರು ಪರದೆಯ ಪದರಗಳ ನಡುವೆ ಹರಡುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಫ್ಯಾನಿನ ಗಾಳಿಗೆ ಕನಿಷ್ಠ ಎರಡು ಮೂರು ದಿನ ಇಡುವುದು ಒಳ್ಳೆಯದು. ಕಡುಬಿಸಿಲು ಮತ್ತು ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಪರದೆಯೊಳಗಿನ ಪ್ಲಾಸ್ಟಿಕ್ ಹಾಳೆಗಳನ್ನು ಸುರುಟಿಸುತ್ತವೆ. ಮೊಬೈಲನ್ನು ಅಕ್ಕಿಯಲ್ಲಿ ಹುಗಿದಿಡುವ ರೂಢಿಯನ್ನು ಟಿ.ವಿ.ಗೆ ಅನ್ವಯಿಸುವುದರಿಂದ ಪ್ರಯೋಜನವಿಲ್ಲ. ಅಕ್ಕಿಯ ದೂಳು ಒಳಸೇರುವುದೊಂದೇ ಲಾಭ!

ಇಷ್ಟು ಮಾಡಿದರೆ ಸಾಕಾಗುವುದು ಕೆಲವು ಹನಿ ಸ್ವಚ್ಛ ನೀರು ಸಿಡಿದಿದ್ದ ಸಂದರ್ಭದಲ್ಲಿ ಮಾತ್ರ. ಕೊಳೆನೀರು ಹೊಕ್ಕಿದ್ದರೆ ಒಣಗಿಸುವುದಕ್ಕಿಂತ ತೊಳೆಯುವುದು ಮುಖ್ಯ. ಕೇಳಲು ವಿಚಿತ್ರವೆನಿಸಿದರೂ ಇದು ನಿಜ. ಅನುಭವಿ ಮೆಕ್ಯಾನಿಕ್ ಬೋರ್ಡ್‌ಗಳನ್ನು ಬಿಚ್ಚಿ, ಬಟ್ಟಿ ಇಳಿಸಿದ ನೀರಿನಿಂದ ಕೆಸರು ತೆಗೆದು, ನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿ, ಒಣಗಿಸಿ ಪರೀಕ್ಷಿಸುತ್ತಾನೆ. ಈ ಕೆಲಸ ಎಷ್ಟು ಬೇಗ ಆದರೆ ಅಷ್ಟು ಉತ್ತಮ. ವಾರ ಕಳೆದು ಕಿಲುಬು ಬೇರೂರಿದ ಮೇಲೆ ತೊಳೆದರೂ ಫಲ ಕಡಿಮೆ.

ಯಾವ ಭಾಗ ಕೆಟ್ಟಿದೆ?

ಎಲ್‌ಇಡಿ ಟಿ.ವಿ. ಎಂದು ಕರೆಯುವ ಉಪಕರಣದಲ್ಲಿ ಸ್ಥೂಲವಾಗಿ ಐದು ಭಾಗಗಳಿವೆ. ವಿದ್ಯುತ್ ಒದಗಿಸುವ ಪವರ್ ಬೋರ್ಡ್, ಸಂಕೇತಗಳನ್ನು ಸಂಸ್ಕರಿಸುವ ಮೇನ್ ಬೋರ್ಡ್, ಪರದೆಗೆ ಚಿತ್ರದ ಆದೇಶ ರವಾನಿಸುವ ಟಿ-ಕಾನ್ ಬೋರ್ಡ್, ಹಿಂದಿನಿಂದ ಬೆಳಕು ನೀಡುವ ಬ್ಯಾಕ್‌ಲೈಟ್ ಪಟ್ಟಿಗಳು ಮತ್ತು ಚಿತ್ರ ಮೂಡುವ ಪ್ಯಾನೆಲ್. ಕೆಲವು ಮಾದರಿಗಳಲ್ಲಿ ಮೊದಲ ಮೂರೂ ಒಂದೇ ಬೋರ್ಡ್‌ನಲ್ಲಿ ಅಡಕವಾಗಿರುತ್ತವೆ.

ನಿರ್ಧಾರದ ಕೀಲಿಕೈ ಇರುವುದು ಪ್ಯಾನೆಲ್‌ನಲ್ಲಿ. ಟಿ.ವಿ.ಯ ಒಟ್ಟು ಬೆಲೆಯ ಬಹುಪಾಲು ಅದರದೇ. ಉಳಿದ ನಾಲ್ಕು ಭಾಗಗಳನ್ನು ಸರಿಪಡಿಸುವುದು ಅಥವಾ ಬದಲಿಸುವುದು ಸಾಮಾನ್ಯವಾಗಿ ಗ್ರಾಹಕನ ಕೈಗೆಟುಕುವ ಕೆಲಸ. ಪ್ಯಾನೆಲ್ ಕೆಟ್ಟರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ದುರದೃಷ್ಟವಶಾತ್, ಪ್ಯಾನೆಲ್‌ನ ಅತಿ ಸೂಕ್ಷ್ಮ ಭಾಗವಾದ, ಚಿಪ್‌ಗಳನ್ನು ಹೊತ್ತ ತೆಳು ಪಟ್ಟಿಗಳು ಅದರ ಅಂಚಿನಲ್ಲಿ ಅಂಟಿಕೊಂಡಿರುತ್ತವೆ. ಹಲವು ಮಾದರಿಗಳಲ್ಲಿ ಆ ಅಂಚು ಇರುವುದು ಕೆಳಗೆ. ನೆಲದಿಂದ ಏರುವ ನೀರು ಮೊದಲು ಮುಟ್ಟುವುದೂ, ಮೇಲಿನಿಂದ ಇಳಿದ ನೀರು ಕೊನೆಗೆ ನಿಲ್ಲುವುದೂ ಅಲ್ಲಿಯೇ. ಒತ್ತಿ ಹಿಡಿದ ಎರಡು ಗಾಜಿನ ತುಂಡುಗಳ ನಡುವೆ ನೀರು ತಾನಾಗಿಯೇ ಏರುವಂತೆ, ಪರದೆಯ ಪದರಗಳ ನಡುವೆಯೂ ಅದು ಮೇಲಕ್ಕೇರಬಲ್ಲದು.

ಚೆನ್ನಾಗಿ ಒಣಗಿ, ಮೆಕ್ಯಾನಿಕ್ ಪರಿಶೀಲಿಸಿ ವಿದ್ಯುತ್ ನೀಡಿದ ಬಳಿಕ ಕಾಣುವ ಲಕ್ಷಣಗಳಿಂದ ಕೆಟ್ಟ ಭಾಗವನ್ನು ಊಹಿಸಬಹುದು.

- ಕೆಂಪು ದೀಪವೂ ಬಾರದಿದ್ದರೆ ಅನುಮಾನ ಪವರ್ ಬೋರ್ಡ್ ಮೇಲೆ. ಇದು ಸಾಮಾನ್ಯವಾಗಿ ಅಗ್ಗದ ದುರಸ್ತಿ.
- ಧ್ವನಿ ಇದ್ದು ಪರದೆ ಕಪ್ಪಾಗಿದ್ದರೆ, ಟಾರ್ಚ್ ಬೆಳಕು ಬಿಟ್ಟು ನೋಡಿದಾಗ ಮಸುಕು ಚಿತ್ರ ಕಂಡರೆ, ಬ್ಯಾಕ್‌ಲೈಟ್ ಅಥವಾ ಅದಕ್ಕೆ ವಿದ್ಯುತ್ ಕೊಡುವ ಭಾಗ ಕೆಟ್ಟಿರುತ್ತದೆ. ದುರಸ್ತಿ ಸಾಧ್ಯ, ಆದರೆ ಪ್ಯಾನೆಲ್ ಬಿಚ್ಚಬೇಕಾಗುವುದರಿಂದ ಕೈಚಳಕ ಬೇಕು.
- ಕಂಪನಿಯ ಲಾಂಛನ ಮೂಡಿ ಅಲ್ಲೇ ನಿಂತರೆ ಅಥವಾ ಎಚ್‌ಡಿಎಂಐ ಕೆಲಸ ಮಾಡದಿದ್ದರೆ ಮೇನ್ ಬೋರ್ಡ್ ಕಾರಣವಾಗಿರಬಹುದು.
- ಪರದೆಯ ಮೇಲೆ ಮೋಡದಂಥ ಕಲೆ ಕಂಡರೆ ನೀರು ಬೆಳಕಿನ ಹಾಳೆಗಳ ನಡುವೆ ಒಣಗಿದೆ ಎಂದರ್ಥ. ನೋಡಲು ತೊಡಕಿಲ್ಲದಿದ್ದರೆ ಹಾಗೆಯೇ ಬಳಸಬಹುದು.
- ಉದ್ದುದ್ದ ಅಥವಾ ಅಡ್ಡಡ್ಡ ಗೆರೆಗಳು, ಅರ್ಧ ಪರದೆ ಬಿಳಿಯಾಗುವುದು ಟಿ-ಕಾನ್ ದೋಷವೂ ಆಗಿರಬಹುದು, ಪ್ಯಾನೆಲ್ ಅಂಚಿನ ದೋಷವೂ ಆಗಿರಬಹುದು. ಮೊದಲನೆಯದಾದರೆ ಉಳಿಯುತ್ತದೆ. ಎರಡನೆಯದಾದರೆ ಹೊಸದರತ್ತ ನೋಡುವುದೇ ಲೇಸು.

ಲೆಕ್ಕ ಹಾಕುವ ಬಗೆ

ದುರಸ್ತಿ ವೆಚ್ಚವು ಅದೇ ಅಳತೆಯ ಹೊಸ ಟಿ.ವಿ. ಬೆಲೆಯ ಅರ್ಧವನ್ನು ದಾಟಿದರೆ ಹೊಸದನ್ನೇ ಕೊಳ್ಳಬೇಕು ಎಂಬುದು ಎಲ್ಲೆಡೆ ಬಳಕೆಯಲ್ಲಿರುವ ಸ್ಥೂಲ ಸೂತ್ರ. ನೀರು ಹೊಕ್ಕ ಟಿ.ವಿ.ಯ ವಿಷಯದಲ್ಲಿ ಈ ಸೂತ್ರ ಸಾಲದು. ದುರಸ್ತಿಯ ನಂತರ ಅದು ಎಷ್ಟು ಕಾಲ ಬಾಳುತ್ತದೆ ಎಂಬುದನ್ನೂ ಸೇರಿಸಿ ‘ವರ್ಷದ ವೆಚ್ಚ’ ತೆಗೆಯುವುದು ಹೆಚ್ಚು ವಿವೇಕಯುತ.

ಉದಾಹರಣೆಗೆ, ನಾಲ್ಕು ವರ್ಷ ಹಳೆಯ 32 ಇಂಚಿನ ಟಿ.ವಿ. ಮೇಲೆ ಮಾಡಿನಿಂದ ನೀರು ಸೋರಿ ಪವರ್ ಬೋರ್ಡ್ ಕೆಟ್ಟಿದೆ ಎಂದುಕೊಳ್ಳೋಣ. ದುರಸ್ತಿಗೆ 2,500 ರೂಪಾಯಿ ತಗಲುತ್ತದೆ, ಇನ್ನೂ ಮೂರು ವರ್ಷ ಬಾಳುವ ನಿರೀಕ್ಷೆ ಇದೆ. ಆಗ ವರ್ಷದ ವೆಚ್ಚ ಸುಮಾರು 833 ರೂಪಾಯಿ. ಅದೇ ಅಳತೆಯ ಹೊಸ ಟಿ.ವಿ.ಗೆ 12,000 ರೂಪಾಯಿ ಕೊಟ್ಟು ಏಳು ವರ್ಷ ಬಳಸಿದರೆ ವರ್ಷಕ್ಕೆ ಸುಮಾರು 1,714 ರೂಪಾಯಿ. ಇಲ್ಲಿ ದುರಸ್ತಿಯೇ ಲಾಭದಾಯಕ.

ಇನ್ನೊಂದು ಟಿ.ವಿ. ನೆರೆನೀರಿನಲ್ಲಿ ರಾತ್ರಿಯಿಡೀ ಮುಳುಗಿತ್ತು. ಮೆಕ್ಯಾನಿಕ್ ಕೇಳುವುದು 4,000 ರೂಪಾಯಿ, ಅಂದರೆ ಹೊಸದರ ಮೂರನೇ ಒಂದು ಭಾಗ ಮಾತ್ರ. ಅರ್ಧದ ಸೂತ್ರದಂತೆ ಇದನ್ನು ದುರಸ್ತಿ ಮಾಡಿಸಬೇಕು. ಆದರೆ ಕಿಲುಬು ಹಿಡಿದ ಉಪಕರಣ ಒಂದು ವರ್ಷ ಬಾಳಿದರೆ ಹೆಚ್ಚು. ಆಗ ವರ್ಷದ ವೆಚ್ಚ 4,000 ರೂಪಾಯಿಯೇ ಆಯಿತು. ಇಲ್ಲಿ ಹೊಸದೇ ಅಗ್ಗ. ಮೊತ್ತಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ಲೆಕ್ಕ ಮಾಡಿಕೊಳ್ಳಬಹುದು.

ಹೊಸದರ ಬೆಲೆಯನ್ನು ಹಿಂದೆ ಕೊಂಡ ರಸೀದಿ ನೋಡಿ ಅಂದಾಜಿಸಬಾರದು. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿಸಲಾಗಿದೆ. ಮೂಲಬೆಲೆ ಅಷ್ಟೇ ಇದ್ದರೆ ಗ್ರಾಹಕ ಕೊಡುವ ಬೆಲೆ ಇದರಿಂದ ಸುಮಾರು ಶೇ 7.8ರಷ್ಟು ಕಡಿಮೆಯಾಗುತ್ತದೆ. 32 ಇಂಚು ಮತ್ತು ಅದಕ್ಕಿಂತ ಚಿಕ್ಕವುಗಳಿಗೆ ಮೊದಲೇ ಶೇ 18 ತೆರಿಗೆ ಇದ್ದುದರಿಂದ ಅವುಗಳಿಗೆ ಈ ಲಾಭವಿಲ್ಲ.

‘ಹೊಸ ಟಿ.ವಿ. ವಿದ್ಯುತ್ ಉಳಿಸುತ್ತದೆ’ ಎಂಬುದು ಅಂಗಡಿಗಳಲ್ಲಿ ಕೇಳಿಬರುವ ಇನ್ನೊಂದು ವಾದ. ಹಳೆಯದಕ್ಕಿಂತ 50 ವಾಟ್ ಕಡಿಮೆ ಬಳಸುವ ಟಿ.ವಿ.ಯನ್ನು ದಿನಕ್ಕೆ ಐದು ಗಂಟೆ ನೋಡಿದರೆ ತಿಂಗಳಿಗೆ ಉಳಿಯುವುದು ಏಳೂವರೆ ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಶೂನ್ಯ ಬಿಲ್ ಪಡೆಯುತ್ತಿರುವ ಕುಟುಂಬಕ್ಕೆ ಈ ಉಳಿತಾಯದಿಂದ ಕೈಗೆ ಬರುವ ಹಣ ಏನೂ ಇಲ್ಲ. ಆದ್ದರಿಂದ ಈ ಒಂದು ಕಾರಣಕ್ಕೆ ಹೊಸದನ್ನು ಕೊಳ್ಳುವುದು ಸಮಂಜಸವಲ್ಲ.

ಕಂತಿನಲ್ಲಿ ಕೊಂಡವರು ಇನ್ನೂ ಎಚ್ಚರ ವಹಿಸಬೇಕು. ಟಿ.ವಿ. ಕೆಟ್ಟರೂ ಕಂತು ನಿಲ್ಲುವುದಿಲ್ಲ. ಹಳೆಯ ಕಂತು ಬಾಕಿ ಇರುವಾಗಲೇ ಹೊಸ ಕಂತಿಗೆ ಸಹಿ ಹಾಕುವುದಕ್ಕಿಂತ, ಸಾಧಾರಣ ದುರಸ್ತಿ ಮಾಡಿಸಿ ಸಾಲ ತೀರುವವರೆಗೆ ನೂಕುವುದು ಕೂಲಿಕಾರ ಕುಟುಂಬಗಳಿಗೆ ಹಿತಕರ.

ಹಳೆಯ ಪೆಟ್ಟಿಗೆ ಟಿ.ವಿ.ಗಳು

ಕೆಲವು ಮನೆಗಳಲ್ಲಿ ಉಬ್ಬಿದ ಗಾಜಿನ ಹಳೆಯ ಪೆಟ್ಟಿಗೆ ಟಿ.ವಿ.ಗಳು ಈಗಲೂ ಉಳಿದಿವೆ. ಅವುಗಳ ಬೋರ್ಡ್ ದಪ್ಪ ಗೆರೆಗಳದ್ದು, ತೊಳೆದು ಸರಿಪಡಿಸಲು ಸುಲಭ. ಆದರೆ ಚಿತ್ರನಳಿಕೆಗೆ 20 ಸಾವಿರ ವೋಲ್ಟ್‌ಗೂ ಮಿಗಿಲಾದ ವಿದ್ಯುತ್ ಬೇಕಾಗುತ್ತದೆ. ತೇವ ಉಳಿದಿದ್ದರೆ ಅಲ್ಲಿ ಕಿಡಿ ಹಾರಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಆರಿಸಿದ ಬಳಿಕವೂ ನಳಿಕೆಯಲ್ಲಿ ವಿದ್ಯುತ್ ಉಳಿದಿರುತ್ತದೆ. ಬಿಡಿಭಾಗಗಳೂ ದುರ್ಲಭವಾಗಿವೆ. ಇಂಥ ಟಿ.ವಿ.ಗೆ ನೀರು ಹೊಕ್ಕಿದ್ದರೆ ಹಣ ಸುರಿಯದಿರುವುದೇ ಒಳಿತು.

ಅಂಗಡಿಯಲ್ಲಿ ಏನು ಕೇಳಬೇಕು?

ಕಂಪನಿಯ ಅಧಿಕೃತ ಸೇವಾ ಕೇಂದ್ರಗಳು ಸಾಮಾನ್ಯವಾಗಿ ಇಡೀ ಬೋರ್ಡ್ ಬದಲಿಸುತ್ತವೆ. ಸ್ಥಳೀಯ ಮೆಕ್ಯಾನಿಕ್ ಬೋರ್ಡ್‌ನಲ್ಲಿ ಕೆಟ್ಟ ಬಿಡಿಭಾಗವನ್ನಷ್ಟೇ ಬದಲಿಸಬಲ್ಲ. ಆದ್ದರಿಂದ ಸಣ್ಣ ದೋಷಕ್ಕೆ ಊರಿನ ಅಂಗಡಿಯೇ ಅಗ್ಗವಾಗುತ್ತದೆ. ಟಿ.ವಿ. ವಾರಂಟಿ ಅವಧಿಯಲ್ಲಿದ್ದರೆ ಮೊದಲು ಕಂಪನಿಗೆ ತಿಳಿಸಬೇಕು. ಹೊರಗೆ ಬಿಚ್ಚಿಸಿದರೆ ವಾರಂಟಿ ರದ್ದಾಗುವ ಸಂಭವವಿದೆ. ಆದರೆ ನೀರಿನಿಂದಾದ ಹಾನಿಯನ್ನು ವಾರಂಟಿ ಕರಾರುಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಅಧಿಕೃತ ಕೇಂದ್ರ ಹುಬ್ಬಳ್ಳಿ, ದಾವಣಗೆರೆಯಂಥ ದೂರದ ಊರಿನಲ್ಲಿದ್ದರೆ ಸಾಗಣೆ ಅಥವಾ ಭೇಟಿ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ದುರಸ್ತಿಗೆ ಒಪ್ಪುವ ಮುನ್ನ ನಾಲ್ಕು ಸಂಗತಿಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಯಾವ ಭಾಗ ಕೆಟ್ಟಿದೆ, ಒಟ್ಟು ಎಷ್ಟು ವೆಚ್ಚ, ದುರಸ್ತಿಗೆ ಎಷ್ಟು ತಿಂಗಳ ಖಾತರಿ, ಸರಿಯಾಗದಿದ್ದರೆ ತಪಾಸಣೆಗೆ ಎಷ್ಟು ಹಣ. ತೆಗೆದ ಹಳೆಯ ಭಾಗವನ್ನು ಹಿಂದಿರುಗಿಸಲು ಹೇಳಿ. ಟಿ.ವಿ.ಗೆ ನೀರು ತಾಗಿದ್ದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಮೆಕ್ಯಾನಿಕ್ ನೇರವಾಗಿ ವಿದ್ಯುತ್ ಹರಿಸಿ ಪರೀಕ್ಷಿಸುವ ಅಪಾಯವಿದೆ. ಬೋರ್ಡ್ ತೊಳೆಯದೆ ‘ಬರೀ ಒಣಗಿಸಿ ಕೊಡುತ್ತೇನೆ’ ಎನ್ನುವವರ ಕೈಗೆ ನೆರೆನೀರು ಹೊಕ್ಕ ಟಿ.ವಿ. ಕೊಡುವುದು ವ್ಯರ್ಥ.

ಹಣ ಪಡೆದು ಮಾಡುವ ದುರಸ್ತಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯೇ. ವಿವಾದ ಉಂಟಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ತಾವು ವಾಸಿಸುವ ಜಿಲ್ಲೆಯಿಂದಲೇ ದೂರು ಸಲ್ಲಿಸಲು ಅವಕಾಶವಿದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ರಸೀದಿಯೇ ಇಲ್ಲದಿದ್ದರೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಸರ್ಕಾರದ ಪರಿಹಾರ, ವಿಮೆ

ನೆರೆ ಪರಿಹಾರದಲ್ಲಿ ಟಿ.ವಿ.ಗೆಂದು ಪ್ರತ್ಯೇಕ ಬಾಬು ಇಲ್ಲ. ವಿಪತ್ತು ಪರಿಹಾರ ನಿಧಿಯ ನಿಯಮಗಳು ಗುರುತಿಸುವುದು ಬಟ್ಟೆ ಹಾಗೂ ಪಾತ್ರೆ, ಗೃಹಬಳಕೆ ವಸ್ತುಗಳನ್ನು. 2015ರಿಂದ 2020ರ ಅವಧಿಯ ನಿಯಮಗಳಂತೆ ಪ್ರತಿ ಕುಟುಂಬಕ್ಕೆ ಬಟ್ಟೆಗೆ 1,800 ಮತ್ತು ಗೃಹಬಳಕೆ ವಸ್ತುಗಳಿಗೆ 2,000, ಒಟ್ಟು 3,800 ರೂಪಾಯಿ ನಿಗದಿಯಾಗಿತ್ತು. 2019ರ ಪ್ರವಾಹದ ವೇಳೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ನೀರು ನುಗ್ಗಿದ ಮನೆಗಳ ಕುಟುಂಬಗಳಿಗೆ 10,000 ರೂಪಾಯಿ ತುರ್ತು ಪರಿಹಾರ ಘೋಷಿಸಿತು. 2022ರಲ್ಲಿಯೂ ಇಷ್ಟೇ ಮೊತ್ತ ನೀಡಲಾಯಿತು. 2022ರಿಂದ 2026ರ ಅವಧಿಗೆ ನಿಧಿಯ ದರವನ್ನು ತಲಾ 2,500 ರೂಪಾಯಿಗೆ ಏರಿಸಲಾಯಿತು.

ಈ ಹಣ ಬರುವ ಹೊತ್ತಿಗೆ ಮನೆಯಲ್ಲಿ ಹಾಸಿಗೆ, ದಿನಸಿ, ಶಾಲಾ ಪುಸ್ತಕ ಎಲ್ಲವೂ ಬೇಕಾಗಿರುತ್ತವೆ. ಅದರಲ್ಲಿ ಎರಡು ಸಾವಿರವನ್ನು ಬಾಳದ ದುರಸ್ತಿಗೆ ಸುರಿದರೆ ಕುಟುಂಬಕ್ಕೆ ಬೀಳುವ ಪೆಟ್ಟು ಸಣ್ಣದಲ್ಲ. ಟಿ.ವಿ.ಯ ವಿಷಯದಲ್ಲಿ ಸರಿಯಾದ ತೀರ್ಮಾನ ಮುಖ್ಯವಾಗುವುದು ಈ ಕಾರಣಕ್ಕಾಗಿಯೇ.

ವಿಮೆ ಇದ್ದವರ ಸ್ಥಿತಿ ಮೇಲು. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ನೀಡುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಪ್ರವಾಹ, ಬಿರುಗಾಳಿ ಮಾತ್ರವಲ್ಲದೆ ಟ್ಯಾಂಕ್ ಅಥವಾ ಪೈಪು ಒಡೆದು ಆಗುವ ಹಾನಿಗೂ ರಕ್ಷಣೆ ಇದೆ. ಕಟ್ಟಡದ ಜೊತೆಗೆ ಗೃಹೋಪಯೋಗಿ ವಸ್ತುಗಳನ್ನೂ ಆಯ್ದುಕೊಂಡಿದ್ದರೆ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಆ ವಸ್ತುಗಳಿಗೆ ಅನ್ವಯವಾಗುತ್ತದೆ. ಗೃಹಸಾಲದ ಜೊತೆ ಬ್ಯಾಂಕ್ ಮಾಡಿಸಿದ ವಿಮೆ ಕಟ್ಟಡಕ್ಕೆ ಮಾತ್ರ ಸೀಮಿತವಾಗಿರಬಹುದು. ಪಾಲಿಸಿಯ ಪುಟ ತೆರೆದು ನೋಡಿಕೊಳ್ಳುವುದು ಒಳ್ಳೆಯದು.

ಇಲ್ಲಿಯೂ ಆ ಒಂದು ಸ್ವಿಚ್ಚಿನ ಮಾತು ಬರುತ್ತದೆ. ಶಾರ್ಟ್ ಸರ್ಕ್ಯೂಟ್‌ನಿಂದ ಉಪಕರಣ ತಾನೇ ಸುಟ್ಟುಹೋದರೆ ವಿಮೆಯಲ್ಲಿ ಅದಕ್ಕೆ ಸಾಮಾನ್ಯವಾಗಿ ಪರಿಹಾರವಿಲ್ಲ. ಒದ್ದೆ ಟಿ.ವಿ.ಗೆ ವಿದ್ಯುತ್ ಹರಿಸಿ ಸುಟ್ಟುಕೊಂಡರೆ, ಹಾನಿ ನೀರಿನಿಂದಲೋ ವಿದ್ಯುತ್ತಿನಿಂದಲೋ ಎಂಬ ತಕರಾರು ಏಳಬಹುದು. ಆದ್ದರಿಂದ ನೀರು ನಿಂತ ಮಟ್ಟ, ಟಿ.ವಿ.ಯ ಸ್ಥಿತಿ, ಹಿಂಬದಿಯ ಸರಣಿ ಸಂಖ್ಯೆ ಕಾಣುವಂತೆ ಫೋಟೊ ತೆಗೆದು, ತಕ್ಷಣ ಕಂಪನಿಗೆ ತಿಳಿಸಿ, ಸಮೀಕ್ಷೆ ಮುಗಿಯುವವರೆಗೆ ಟಿ.ವಿ.ಯನ್ನು ಎಸೆಯದೆ ಇಟ್ಟುಕೊಳ್ಳಬೇಕು.

ಎಸೆಯುವ ಮುನ್ನ

ಬದಲಿಸುವ ತೀರ್ಮಾನವಾದರೆ ಹಳೆಯದನ್ನು ಕಸದ ಗಾಡಿಗೆ ಹಾಕುವುದಾಗಲಿ ಕೆರೆ ದಂಡೆಯಲ್ಲಿ ಬಿಸಾಡುವುದಾಗಲಿ ತರವಲ್ಲ. ಪೆಟ್ಟಿಗೆ ಟಿ.ವಿ.ಯ ಗಾಜಿನಲ್ಲಿ ಸೀಸವಿದೆ. ಎಲ್‌ಇಡಿಗೂ ಮುಂಚಿನ ಎಲ್‌ಸಿಡಿ ಟಿ.ವಿ.ಗಳ ದೀಪಗಳಲ್ಲಿ ಪಾದರಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇವುಗಳ ಮರುಬಳಕೆಯ ಹೊಣೆ ತಯಾರಕರದು. ಹೊಸದು ಕೊಳ್ಳುವಾಗ ಹಳೆಯದನ್ನು ಹಿಂಪಡೆಯುವಂತೆ ಅಂಗಡಿಯವರನ್ನು ಕೇಳಬಹುದು. ಮೆಕ್ಯಾನಿಕ್‌ಗೆ ಕೊಡುವುದೂ ಉಪಯುಕ್ತವೇ. ಪ್ಯಾನೆಲ್ ಹೋದ ಟಿ.ವಿ.ಯ ಸುಸ್ಥಿತಿಯ ಬೋರ್ಡ್ ಇನ್ನೊಬ್ಬರ ಟಿ.ವಿ.ಗೆ ಜೀವ ಕೊಡಬಲ್ಲದು.

ಒಟ್ಟಾರೆ ಹೇಳುವುದಾದರೆ, ಸ್ವಚ್ಛ ನೀರು ಸಿಡಿದಿದ್ದು, ವಿದ್ಯುತ್ ಇಲ್ಲದಿದ್ದು, ಪ್ಯಾನೆಲ್ ಸುರಕ್ಷಿತವಾಗಿದ್ದರೆ ದುರಸ್ತಿಗೆ ಹಿಂಜರಿಯಬೇಕಿಲ್ಲ. ನೆರೆನೀರಿನಲ್ಲಿ ಮುಳುಗಿದ್ದರೆ, ಚಾಲನೆಯಲ್ಲಿದ್ದಾಗಲೇ ನೀರು ಹೊಕ್ಕಿದ್ದರೆ ಅಥವಾ ಪ್ಯಾನೆಲ್ ಅಂಚಿಗೆ ಕಿಲುಬು ಹಿಡಿದಿದ್ದರೆ ದುರಸ್ತಿಯ ಹಣವನ್ನು ಹೊಸದರ ಮೊದಲ ಕಂತೆಂದು ಎತ್ತಿಡುವುದು ಜಾಣತನ. ಎರಡರಲ್ಲಿ ಯಾವುದೆಂದು ತಿಳಿಯದಿರುವಾಗ ಪ್ಲಗ್ ಕಳಚಿಟ್ಟು ಮೆಕ್ಯಾನಿಕ್‌ನನ್ನು ಕರೆಸಬೇಕು. ಮುಂದಿನ ಮಳೆಗಾಲಕ್ಕೆ ಮುನ್ನ ಟಿ.ವಿ.ಯನ್ನು ಕಳೆದ ಬಾರಿ ನೀರು ನಿಂತ ಗುರುತಿಗಿಂತ ಮೇಲಕ್ಕೆ ಏರಿಸುವ ಖರ್ಚು ಎರಡು ಮೊಳೆ ಮತ್ತು ಒಂದು ಹಲಗೆಯಷ್ಟೇ.